ಮಾತು, ಉಸಿರು ಮತ್ತು ಕಾನೂನು

(ಬಾನುಲಿ ಭಾಷಣ)

ಕೋರ್ಟಿನ ವಿಷಯದಲ್ಲಿ ‘ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆಯನ್ನು ಕಟ್ಟಿದ ಜನ ನಾವು. ನ್ಯಾಯಾಲಯದ ಮೆಟ್ಟಿಲನ್ನಾಗಲಿ ಪೋಲೀಸ್ ಠಾಣೆಯ ಹೊಸ್ತಿಲನ್ನಾಗಲಿ ತುಳಿಯದೆ ಆಯುಷ್ಯ ಕಳೆದರೆ ಅದೇ ಭಾಗ್ಯವೆಂದು ಬಗೆದವರು. ಆದರೆ ಠಾಣೆಗೆ ಹೋಗದವನನ್ನು ಹುಡುಕಿಕೊಂಡು ಈಗ ಕಾನೂನೇ ರಸ್ತೆಗೆ ಬಂದಿದೆ. ರಾತ್ರಿ ಹತ್ತು ಗಂಟೆಯ ಮೇಲೆ ಊರಿನ ದೊಡ್ಡ ರಸ್ತೆಯೊಂದರಲ್ಲಿ ಸಮವಸ್ತ್ರ ತೊಟ್ಟ ಅಧಿಕಾರಿಯೊಬ್ಬರು ವಾಹನವನ್ನು ತಡೆಯುತ್ತಾರೆ. ಅಂಗೈಯಗಲದ ಯಂತ್ರವೊಂದನ್ನು ಮುಖದ ಮುಂದೆ ಹಿಡಿದು ‘ಊದಿ’ ಎನ್ನುತ್ತಾರೆ. ಅದರ ಹಿಂದೆಯೇ ಪ್ರಶ್ನೆಗಳು ಬರುತ್ತವೆ: ಎಲ್ಲಿಂದ ಬಂದಿರಿ, ಏನು ಕುಡಿದಿರಿ, ಎಷ್ಟು ಕುಡಿದಿರಿ?

ಊದಲೇಬೇಕೆ? ಉತ್ತರ ಹೇಳಲೇಬೇಕೆ? ಮೇಲುನೋಟಕ್ಕೆ ಇವೆರಡೂ ಒಂದೇ ಪ್ರಶ್ನೆಯಂತೆ ತೋರುತ್ತವೆ. ಕಾನೂನು ಮಾತ್ರ ಇವಕ್ಕೆ ಬೇರೆ ಬೇರೆ ಉತ್ತರಗಳನ್ನು ಕೊಡುತ್ತದೆ. ತನ್ನನ್ನೇ ಅಪರಾಧಕ್ಕೆ ಸಿಲುಕಿಸುವ ಮಾತನ್ನು ಆಡೆಂದು ಯಾರೂ ಯಾರನ್ನೂ ಬಲವಂತಪಡಿಸುವಂತಿಲ್ಲ. ಆದರೆ ಉಸಿರನ್ನು ಕೊಡೆನೆಂದು ಹಟ ಹಿಡಿದರೆ ಆ ಹಟಕ್ಕೆ ಬೆಲೆ ತೆರಬೇಕಾಗುತ್ತದೆ. ಮಾತಿಗೂ ಉಸಿರಿಗೂ ನಡುವೆ ಈ ಗೆರೆಯನ್ನು ಎಳೆದವರು ಯಾರು, ಎಂದು ಎಳೆದರು, ಏಕೆ ಎಳೆದರು ಎಂಬುದೇ ಇಂದಿನ ಭಾಷಣದ ವಿಷಯ.

‘ಮೌನಂ ಸಮ್ಮತಿ ಲಕ್ಷಣಂ’ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಮದುವೆಯ ಮಾತುಕತೆಗೆ ಇದು ಒಪ್ಪೀತು. ಅಪರಾಧದ ವಿಚಾರಣೆಯಲ್ಲಿ ಈ ಸೂತ್ರವನ್ನು ಹಿಡಿದರೆ ನಿರಪರಾಧಿಗೂ ಉಳಿಗಾಲವಿರುವುದಿಲ್ಲ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ‘ಸ್ಟಾರ್ ಚೇಂಬರ್’ ಎಂಬ ರಾಜನ್ಯಾಯಾಲಯ ನಡೆದುಕೊಂಡದ್ದು ಹೆಚ್ಚುಕಡಮೆ ಈ ಸೂತ್ರದಂತೆಯೇ. ತನ್ನ ಮೇಲಿನ ಆರೋಪ ಏನೆಂದು ತಿಳಿಯುವ ಮೊದಲೇ ಆಪಾದಿತನು ‘ಕೇಳಿದ್ದಕ್ಕೆಲ್ಲ ಸತ್ಯವನ್ನೇ ಹೇಳುತ್ತೇನೆ’ ಎಂದು ಪ್ರಮಾಣ ಮಾಡಬೇಕಾಗಿತ್ತು. ಸತ್ಯ ಹೇಳಿದರೆ ಶಿಕ್ಷೆ, ಸುಳ್ಳು ಹೇಳಿದರೆ ಪ್ರಮಾಣಭಂಗದ ಪಾಪ, ಪ್ರಮಾಣವನ್ನೇ ಮಾಡದಿದ್ದರೆ ಸೆರೆಮನೆ.

1637ರಲ್ಲಿ ಜಾನ್ ಲಿಲ್ಬರ್ನ್ ಎಂಬ ತರುಣನನ್ನು ಈ ನ್ಯಾಯಾಲಯದ ಮುಂದೆ ತಂದು ನಿಲ್ಲಿಸಿದರು. ಅವನ ಮೇಲಿನ ಆರೋಪ ಪುಸ್ತಕಗಳಿಗೆ ಸಂಬಂಧಿಸಿದ್ದು. ಸರ್ಕಾರದ ಅನುಮತಿಯಿಲ್ಲದ ಪುಸ್ತಕಗಳನ್ನು ಹಾಲೆಂಡಿನಲ್ಲಿ ಅಚ್ಚು ಹಾಕಿಸಿ ಇಂಗ್ಲೆಂಡಿಗೆ ಸಾಗಿಸಿದನೆಂಬುದು ಆ ದೂರು. ಲಿಲ್ಬರ್ನ್ ಪ್ರಮಾಣ ಮಾಡಲು ಒಪ್ಪಲಿಲ್ಲ. ತನ್ನ ವಿರುದ್ಧ ತನ್ನ ಬಾಯಿಂದಲೇ ಸಾಕ್ಷ್ಯ ತೆಗೆಯುವ ಅಧಿಕಾರ ಯಾರಿಗೂ ಇಲ್ಲವೆಂದು ವಾದಿಸಿದ. 1638ರ ಏಪ್ರಿಲ್ ತಿಂಗಳಲ್ಲಿ ಅವನನ್ನು ಗಾಡಿಯ ಹಿಂದೆ ಕಟ್ಟಿ ಲಂಡನ್ನಿನ ಬೀದಿಗಳಲ್ಲಿ ಚಾಟಿಯಿಂದ ಹೊಡೆಯುತ್ತ ನಡೆಸಿಕೊಂಡು ಹೋದರು. 1641ರಲ್ಲಿ ಪಾರ್ಲಿಮೆಂಟು ಆ ನ್ಯಾಯಾಲಯವನ್ನೇ ರದ್ದುಗೊಳಿಸಿತು. ಇಂದು ‘ಮೌನದ ಹಕ್ಕು’ ಎಂದು ನಾವು ಸುಲಭವಾಗಿ ಉಚ್ಚರಿಸುವ ಎರಡು ಪದಗಳ ಹಿಂದೆ ಇಂತಹ ಬೆನ್ನುಗಳ ಮೇಲಿನ ಬಾಸುಂಡೆಗಳಿವೆ.

ನಮ್ಮ ದೇಶದಲ್ಲಿ ಈ ಹಕ್ಕು ಮೊಳೆತದ್ದು ಬೇರೊಂದು ನೆಲದಲ್ಲಿ. ಕಂಪನಿ ಸರ್ಕಾರದ ಕಾಲದಲ್ಲಿ ಮದರಾಸು ಆಧಿಪತ್ಯದ ರೈತರನ್ನು ಕಂದಾಯಕ್ಕಾಗಿಯೂ, ಶಂಕಿತರನ್ನು ತಪ್ಪೊಪ್ಪಿಗೆಗಾಗಿಯೂ ಹಿಂಸಿಸುತ್ತಾರೆಂಬ ಮಾತು 1854ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನವರೆಗೆ ಹೋಯಿತು. ವಿಚಾರಣೆಗಾಗಿ ಮೂವರು ಸದಸ್ಯರ ಆಯೋಗ ನೇಮಕವಾಯಿತು. ಅದರ ವರದಿ 1855ರಲ್ಲಿ ಹೊರಬಂತು. ಬಳ್ಳಾರಿಯೂ ಕೆನರಾ ಜಿಲ್ಲೆಯೂ ಆಗ ಆ ಆಧಿಪತ್ಯಕ್ಕೆ ಸೇರಿದ್ದವಾದ್ದರಿಂದ ಅದು ಕನ್ನಡ ನಾಡಿನ ಚರಿತ್ರೆಯೂ ಹೌದು. ಬೆರಳುಗಳನ್ನು ಎರಡು ಕೋಲುಗಳ ನಡುವೆ ಇಟ್ಟು ಅದುಮುವ ಕಿಟ್ಟಿ, ಕೊರಳನ್ನು ಕಾಲ್ಬೆರಳಿಗೆ ಹಗ್ಗದಿಂದ ಬಿಗಿದು ಬಿಸಿಲಿನಲ್ಲಿ ಬಗ್ಗಿಸಿ ನಿಲ್ಲಿಸುವ ಶಿಕ್ಷೆ ಮೊದಲಾದವುಗಳನ್ನು ಆ ವರದಿ ಒಂದೊಂದಾಗಿ ದಾಖಲಿಸಿತು. ಇವು ಅಲ್ಲೊಂದು ಇಲ್ಲೊಂದು ನಡೆದ ಅತಿರೇಕಗಳಲ್ಲ, ಆಡಳಿತದ ವಾಡಿಕೆಯೇ ಆಗಿವೆ ಎಂಬುದನ್ನು ಒಪ್ಪಿಕೊಂಡಿತು.

ಹಿಂಸೆಯ ಹಿಂದೆ ಕ್ರೌರ್ಯ ಇದ್ದಂತೆ ಸೋಮಾರಿತನವೂ ಇರುತ್ತದೆ. ಸಾಕ್ಷಿಗಳನ್ನು ಹುಡುಕಿ ಹಳ್ಳಿಹಳ್ಳಿ ಅಲೆಯುವುದಕ್ಕಿಂತ ಸಿಕ್ಕಿದವನ ಬಾಯಿಂದ ಒಪ್ಪಿಗೆ ಹಿಂಡುವುದು ಸುಲಭ. ಈ ಸುಲಭದ ದಾರಿಯನ್ನು ಮುಚ್ಚುವ ಉಪಾಯವೊಂದೇ: ಹಾಗೆ ಹಿಂಡಿದ ಒಪ್ಪಿಗೆ ನ್ಯಾಯಾಲಯದಲ್ಲಿ ಬೆಲೆಯಿಲ್ಲದ್ದಾಗಬೇಕು. 1861ರ ದಂಡ ಪ್ರಕ್ರಿಯಾ ಸಂಹಿತೆ ಆ ಕೆಲಸವನ್ನು ಮೊದಲು ಮಾಡಿತು. ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ ರಚಿಸಿದ 1872ರ ಸಾಕ್ಷ್ಯ ಅಧಿನಿಯಮದಲ್ಲಿ ಅದೇ ನಿಯಮ 25 ಮತ್ತು 26ನೆಯ ಕಲಮುಗಳಾಗಿ ನೆಲೆನಿಂತಿತು. ಪೋಲೀಸು ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆಪಾದಿತನ ವಿರುದ್ಧ ರುಜುಪಡಿಸುವಂತಿಲ್ಲ. ಪೋಲೀಸರ ವಶದಲ್ಲಿರುವಾಗ ಬೇರೆ ಯಾರ ಮುಂದೆ ಒಪ್ಪಿಕೊಂಡರೂ, ಮ್ಯಾಜಿಸ್ಟ್ರೇಟರ ಸಮಕ್ಷಮ ಆಗಿದ್ದ ಹೊರತು, ಅದಕ್ಕೂ ಬೆಲೆಯಿಲ್ಲ. ಪರದೇಶದ ಸರ್ಕಾರವೊಂದು ತನ್ನ ಪೋಲೀಸರನ್ನು ತಾನೇ ನಂಬದೆ ಬರೆದ ಈ ಕಲಮು ಸ್ವತಂತ್ರ ಭಾರತದಲ್ಲೂ ಉಳಿಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೆಯ ಕಲಮಿನಲ್ಲಿ ಅದು ಈಗಲೂ ಇದೆ. ಪೋಲೀಸರಿಗೆ ಕೊಟ್ಟ ಹೇಳಿಕೆಯಿಂದ ಯಾವುದಾದರೂ ವಸ್ತು ಪತ್ತೆಯಾದರೆ ಆ ಪತ್ತೆಗೆ ಸಂಬಂಧಿಸಿದಷ್ಟು ಭಾಗ ಮಾತ್ರ ಸಾಕ್ಷ್ಯವಾಗಬಹುದೆಂಬ ಹಳೆಯ ವಿನಾಯಿತಿಯೂ ಜೊತೆಗಿದೆ.

ಮಾತಿನ ಕಥೆ ಇಷ್ಟಾಯಿತು. ಇನ್ನು ಉಸಿರಿನ ಕಥೆ. ನಮ್ಮ ಸಾಕ್ಷ್ಯ ಅಧಿನಿಯಮ ಹುಟ್ಟಿದ 1872ರಲ್ಲೇ ಇಂಗ್ಲೆಂಡಿನಲ್ಲಿ ಪರವಾನಗಿ ಕಾಯಿದೆಯೊಂದು ಬಂದು, ಗಾಡಿ, ಕುದುರೆ, ದನ, ಉಗಿಯಂತ್ರ ಇವುಗಳ ಮೇಲ್ವಿಚಾರಣೆಯಲ್ಲಿರುವಾಗ ಮತ್ತನಾಗಿರುವುದು ಅಪರಾಧವೆಂದು ಸಾರಿತು. 1897ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಟ್ಯಾಕ್ಸಿ ಚಾಲಕನೊಬ್ಬ ತನ್ನ ವಿದ್ಯುತ್ ಗಾಡಿಯನ್ನು ಕಟ್ಟಡವೊಂದಕ್ಕೆ ಗುದ್ದಿಸಿ, ಕುಡಿದು ಮೋಟಾರು ನಡೆಸಿದ್ದಕ್ಕಾಗಿ ಆ ದೇಶದಲ್ಲಿ ದಂಡ ತೆತ್ತವರ ಪೈಕಿ ಮೊದಲಿಗನೆನಿಸಿದ. ಆದರೆ ‘ಮತ್ತ’ ಎಂದರೆ ಯಾರು? ಪೇದೆಯ ಮೂಗೇ ಅಳತೆಗೋಲು. ಬಾಯಿ ವಾಸನೆ ಬರುತ್ತದೆಯೆ, ನೆಲದ ಮೇಲೆ ಎಳೆದ ಸೀಮೆಸುಣ್ಣದ ಗೆರೆಯ ಮೇಲೆ ನೇರವಾಗಿ ನಡೆಯಬಲ್ಲನೆ, ನಾಲಗೆ ತೊಡರುವ ಪದಗಳನ್ನು ಸ್ಪಷ್ಟವಾಗಿ ಉಚ್ಚರಿಸಬಲ್ಲನೆ, ಇಷ್ಟೇ ಪರೀಕ್ಷೆ. ತಲೆಗೆ ಪೆಟ್ಟು ಬಿದ್ದವನೂ, ರಕ್ತದಲ್ಲಿ ಸಕ್ಕರೆ ಇಳಿದ ಮಧುಮೇಹಿಯೂ ಕುಡುಕನಂತೆಯೇ ತೊದಲುತ್ತಾರೆ, ತೂರಾಡುತ್ತಾರೆ. ಇತ್ತ, ಅಭ್ಯಾಸಬಲದಿಂದ ನೆಟ್ಟಗೆ ನಿಲ್ಲಬಲ್ಲ ನಿಜವಾದ ಕುಡುಕ ಪಾರಾಗುತ್ತಿದ್ದ.

ಈ ಅನಿಶ್ಚಯಕ್ಕೆ ಉತ್ತರ ಕೊಟ್ಟದ್ದು ರಸಾಯನಶಾಸ್ತ್ರ. ಹೊಟ್ಟೆಗೆ ಹೋದ ಮದ್ಯಸಾರ ರಕ್ತಕ್ಕೆ ಸೇರಿ, ರಕ್ತದಿಂದ ಶ್ವಾಸಕೋಶದ ಗಾಳಿಗೆ ಒಂದು ನಿಯತ ಪ್ರಮಾಣದಲ್ಲಿ ಬರುತ್ತದೆ. ಸುಮಾರು 2,100 ಮಿಲಿಲೀಟರು ಉಸಿರಿನಲ್ಲಿ ಇರುವಷ್ಟು ಮದ್ಯಸಾರ 1 ಮಿಲಿಲೀಟರು ರಕ್ತದಲ್ಲಿರುತ್ತದೆಂಬುದು ಲೆಕ್ಕ. ಮದ್ಯದ ಆವಿ ತಗುಲಿದರೆ ಪೊಟ್ಯಾಸಿಯಂ ಡೈಕ್ರೋಮೇಟಿನ ಹಳದಿ ಬಣ್ಣ ಹಸುರಾಗುತ್ತದೆ. ಅಮೆರಿಕದ ಇಂಡಿಯಾನಾ ಸಂಸ್ಥಾನದ ಪೋಲೀಸ್ ಇಲಾಖೆಯಲ್ಲಿದ್ದ ರಾಬರ್ಟ್ ಬೋರ್ಕನ್‌ಸ್ಟೈನ್ 1954ರಲ್ಲಿ ಈ ಬಣ್ಣದ ಬದಲಾವಣೆಯನ್ನು ಅಳೆಯುವ, ಹೊತ್ತೊಯ್ಯಬಹುದಾದ ಯಂತ್ರವನ್ನು ಮಾಡಿದ. ರಕ್ತದಲ್ಲಿ ಇಂತಿಷ್ಟು ಮದ್ಯಸಾರವಿದ್ದರೆ ಅಷ್ಟೇ ಅಪರಾಧಕ್ಕೆ ಸಾಕೆಂಬ ನಿಯಮವನ್ನು ನಾರ್ವೆ ದೇಶ 1936ರಲ್ಲೇ ಮಾಡಿತ್ತು. ಬ್ರಿಟನ್ನಿನಲ್ಲಿ ಸಾರಿಗೆ ಸಚಿವೆಯಾಗಿದ್ದ ಬಾರ್ಬರಾ ಕಾಸಲ್ ತಂದ ಕಾಯಿದೆ 100 ಮಿಲಿಲೀಟರು ರಕ್ತಕ್ಕೆ 80 ಮಿಲಿಗ್ರಾಂ ಎಂಬ ಮಿತಿಯನ್ನು ವಿಧಿಸಿತು. 1967ರ ಅಕ್ಟೋಬರ್ 9ರಿಂದ ಅಲ್ಲಿನ ರಸ್ತೆಗಳಲ್ಲಿ ಉಸಿರಿನ ಪರೀಕ್ಷೆ ಆರಂಭವಾಯಿತು. ಸ್ವತಃ ಮೋಟಾರು ನಡೆಸಲು ಬಾರದ ಹೆಂಗಸು ಗಂಡಸರ ಕುಡಿತದ ಮೇಲೆ ಕಾನೂನು ಮಾಡುವುದೆ ಎಂದು ಹಲವರು ಹೌಹಾರಿದರು. ರಸ್ತೆಯ ಸಾವುಗಳು ಕಡಿಮೆಯಾದ ಮೇಲೆ ಆ ಗದ್ದಲ ಅಡಗಿತು.

ಮಾತಿನ ಹಕ್ಕೂ ಉಸಿರಿನ ಯಂತ್ರವೂ ಹೀಗೆ ಬೇರೆ ಬೇರೆ ದಾರಿಗಳಲ್ಲಿ ನಡೆದುಬಂದು, 1966ರ ಜೂನ್ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಮುಖಾಮುಖಿಯಾದವು. ಜೂನ್ 13ರಂದು ಆ ಕೋರ್ಟು ‘ಮಿರಾಂಡ’ ತೀರ್ಪನ್ನು ಕೊಟ್ಟಿತು. ಅರಿಜೋನಾದ ಪೋಲೀಸರು ವಕೀಲರಿಲ್ಲದೆ ವಿಚಾರಿಸಿ ಒಬ್ಬನಿಂದ ತಪ್ಪೊಪ್ಪಿಗೆ ಬರೆಸಿಕೊಂಡಿದ್ದರು. ವಶದಲ್ಲಿರುವವನನ್ನು ಪ್ರಶ್ನಿಸುವ ಮೊದಲು ಅವನಿಗೆ ಮೌನವಾಗಿರುವ ಹಕ್ಕುಂಟೆಂದೂ, ಆಡಿದ ಮಾತು ಅವನ ವಿರುದ್ಧವೇ ಬಳಕೆಯಾಗಬಹುದೆಂದೂ, ವಕೀಲರ ನೆರವು ಪಡೆಯಬಹುದೆಂದೂ, ಹಣವಿಲ್ಲದಿದ್ದರೆ ಸರ್ಕಾರವೇ ವಕೀಲರನ್ನು ಒದಗಿಸುವುದೆಂದೂ ಹೇಳಲೇಬೇಕೆಂದು ಕೋರ್ಟು ವಿಧಿಸಿತು. ಸರಿಯಾಗಿ ಒಂದು ವಾರದ ಮೇಲೆ, ಜೂನ್ 20ರಂದು, ಅದೇ ಕೋರ್ಟು ಇನ್ನೊಂದು ತೀರ್ಪು ಕೊಟ್ಟಿತು. ಕ್ಯಾಲಿಫೋರ್ನಿಯಾದಲ್ಲಿ ಮೋಟಾರು ಅಪಘಾತದಲ್ಲಿ ಗಾಯಗೊಂಡ ಚಾಲಕನೊಬ್ಬ ಆಸ್ಪತ್ರೆಯಲ್ಲಿದ್ದ. ತನ್ನ ವಕೀಲನ ಸಲಹೆಯಂತೆ ಅವನು ರಕ್ತ ಕೊಡೆನೆಂದರೂ ಪೋಲೀಸರ ಸೂಚನೆಯಂತೆ ವೈದ್ಯರು ರಕ್ತ ತೆಗೆದಿದ್ದರು. ಇದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಾಗುವುದಿಲ್ಲವೆಂದು ನ್ಯಾಯಮೂರ್ತಿ ಬ್ರೆನನ್ ಬರೆದರು. ರಕ್ಷಣೆ ಇರುವುದು ಮನಸ್ಸಿನಲ್ಲಿರುವುದನ್ನು ಹೊರಗೆಡಹುವ ಮಾತಿಗೆ, ದೇಹ ತೋರಿಸುವ ಕುರುಹಿಗಲ್ಲ ಎಂಬುದು ಅವರ ತರ್ಕ.

ಎರಡು ತೀರ್ಪುಗಳಲ್ಲೂ ಐವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಬ್ರೆನನ್ ಎರಡರಲ್ಲೂ ಬಹುಮತದ ಕಡೆ ಇದ್ದರು. ಒಬ್ಬನ ರಕ್ತವನ್ನು ತೆಗೆದು ಅವನನ್ನು ಶಿಕ್ಷಿಸುವುದಕ್ಕಿಂತ ಹೆಚ್ಚಾಗಿ ಅವನ ವಿರುದ್ಧ ಅವನನ್ನೇ ಸಾಕ್ಷಿಯಾಗಿಸುವ ಕ್ರಮ ಇನ್ನಾವುದಿದೆ ಎಂಬ ಭಿನ್ನಮತವನ್ನು ನ್ಯಾಯಮೂರ್ತಿ ಬ್ಲ್ಯಾಕ್ ಅಷ್ಟೇ ಬಲವಾಗಿ ಮಂಡಿಸಿದರು. ಆ ಚರ್ಚೆ ಅಲ್ಲಿ ಮುಗಿಯಲಿಲ್ಲ. ರಕ್ತದ ಮದ್ಯಸಾರ ಹೊತ್ತುಹೊತ್ತಿಗೆ ಕರಗಿಹೋಗುತ್ತದೆಂಬ ಒಂದೇ ಕಾರಣದಿಂದ ನ್ಯಾಯಾಲಯದ ವಾರಂಟಿಲ್ಲದೆ ಯಾರ ರಕ್ತವನ್ನೂ ತೆಗೆಯಲಾಗದೆಂದು ಅದೇ ಕೋರ್ಟು 2013ರಲ್ಲಿ ಹೇಳಿತು. ದಸ್ತಗಿರಿಯಾದ ಚಾಲಕನ ಉಸಿರನ್ನು ವಾರಂಟಿಲ್ಲದೆ ಪರೀಕ್ಷಿಸಬಹುದು, ಏಕೆಂದರೆ ಊದುವುದರಿಂದ ದೇಹಕ್ಕೆ ನೋವಿಲ್ಲ. ರಕ್ತಕ್ಕಾದರೋ ಚರ್ಮವನ್ನು ಚುಚ್ಚಬೇಕು, ಆದ್ದರಿಂದ ಅದಕ್ಕೆ ವಾರಂಟು ಬೇಕು ಎಂಬ ಭೇದವನ್ನು 2016ರಲ್ಲಿ ಮಾಡಿತು. ಹೀಗೆ ಮಾತಿಗೊಂದು ಅಳತೆ, ಉಸಿರಿಗೊಂದು, ರಕ್ತಕ್ಕೆ ಇನ್ನೊಂದು.

ನಮ್ಮಲ್ಲಿ ಈ ಪ್ರಶ್ನೆ ಇನ್ನೂ ಮೊದಲೇ ತೀರ್ಮಾನವಾಗಿತ್ತು. ಸಂವಿಧಾನದ 20ನೆಯ ಅನುಚ್ಛೇದದ 3ನೆಯ ಖಂಡ ಯಾವ ಆಪಾದಿತನನ್ನೂ ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಬಲವಂತಪಡಿಸಬಾರದೆನ್ನುತ್ತದೆ. ಬೆರಳಚ್ಚು, ಕೈಬರಹದ ಮಾದರಿ ಇವುಗಳನ್ನು ಕೇಳುವುದು ಈ ನಿಷೇಧಕ್ಕೆ ಒಳಪಡುತ್ತದೆಯೆ? 1961ರ ಆಗಸ್ಟ್ 4ರಂದು ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ ‘ಕಾಠಿ ಕಾಳು ಓಘಡ’ ಮೊಕದ್ದಮೆಯಲ್ಲಿ ಉತ್ತರ ಕೊಟ್ಟಿತು. ಸಾಕ್ಷಿಯಾಗುವುದೆಂದರೆ ತನಗೆ ತಿಳಿದಿರುವುದನ್ನು ತಿಳಿಸುವುದು. ಬೆರಳಿನ ಗುರುತು ಯಾರ ತಿಳಿವಳಿಕೆಯನ್ನೂ ಹೊರಗೆಡಹುವುದಿಲ್ಲ, ಹಾಗಾಗಿ ಅದು ನಿಷೇಧದ ಹೊರಗೆ ಎಂಬುದು ಬಹುಮತದ ನಿಲುವು. ಉಸಿರಿನ ಪರೀಕ್ಷೆ ನಮ್ಮ ದೇಶದಲ್ಲಿ ನಿಂತಿರುವುದು ಇಂತಹ ತರ್ಕದ ಮೇಲೆ.

ಮಾತಿನ ಹಕ್ಕು ಎಲ್ಲಿಂದ ಆರಂಭವಾಗುತ್ತದೆಂಬ ಪ್ರಶ್ನೆಯನ್ನು ಎತ್ತಿದವರು ಒಡಿಯಾ ಭಾಷೆಯ ಲೇಖಕಿಯೊಬ್ಬರು. ಕಾದಂಬರಿಕಾರ ಕಾಳಿಂದೀ ಚರಣ ಪಾಣಿಗ್ರಾಹಿಯವರ ಮಗಳಾಗಿ, ಒಡಿಶಾದ ಮುಖ್ಯಮಂತ್ರಿಯೂ ಆಗಿದ್ದ ನಂದಿನಿ ಸತ್ಪತಿ ಅವರನ್ನು 1977ರಲ್ಲಿ ಕಟಕದ ಪೋಲೀಸ್ ಠಾಣೆಗೆ ಕರೆಸಿ ಉದ್ದನೆಯ ಪ್ರಶ್ನಾವಳಿಯನ್ನು ಮುಂದಿಟ್ಟರು. ಅವರು ಉತ್ತರಿಸಲಿಲ್ಲ, ಉತ್ತರಿಸದಿದ್ದುದೇ ಅಪರಾಧವೆಂದು ಮೊಕದ್ದಮೆ ಹೂಡಲಾಯಿತು. 1978ರ ಏಪ್ರಿಲ್ 7ರಂದು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ತೀರ್ಪು ಬರೆಯುತ್ತ, ಮೌನದ ಹಕ್ಕು ನ್ಯಾಯಾಲಯದ ಕಟಕಟೆಯವರೆಗೆ ಕಾಯಬೇಕಾಗಿಲ್ಲ, ಪೋಲೀಸರ ಮೊದಲ ಪ್ರಶ್ನೆಯಿಂದಲೇ ಅದು ಜೊತೆಗಿರುತ್ತದೆ ಎಂದರು. ಹೆಂಗಸರನ್ನು ವಿಚಾರಣೆಗಾಗಿ ಠಾಣೆಗೆ ಕರೆಸಬಾರದು, ಅವರು ವಾಸಿಸುವಲ್ಲಿಗೇ ಹೋಗಬೇಕೆಂಬ ಕಾನೂನನ್ನು ಪೋಲೀಸರೇ ಮುರಿದದ್ದನ್ನೂ ಎತ್ತಿ ತೋರಿಸಿದರು. ಆದರೆ ಎಲ್ಲ ಪ್ರಶ್ನೆಗೂ ಬಾಯಿ ಮುಚ್ಚಿಕೊಳ್ಳುವ ಪರವಾನಗಿ ಇದಲ್ಲ. ಹೆಸರು, ವಿಳಾಸ ಮೊದಲಾದ, ಅಪರಾಧಕ್ಕೆ ಸಿಲುಕಿಸದ ವಿವರಗಳನ್ನು ಮುಚ್ಚಿಡುವುದಕ್ಕೆ ಈ ಹಕ್ಕು ನೆರವಾಗದು.

ಮಾತು ಮತ್ತು ದೇಹದ ನಡುವಣ ಗೆರೆ ಮಸುಕಾದದ್ದು ನಮ್ಮ ಕರ್ನಾಟಕದಲ್ಲಿ. ಔಷಧ ಚುಚ್ಚಿ ಅರೆಪ್ರಜ್ಞೆಗೆ ತಂದು ಮಾತಾಡಿಸುವ ಮಂಪರು ಪರೀಕ್ಷೆಗೆ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ಒಂದು ಕಾಲಕ್ಕೆ ದೇಶವಿಡೀ ಹೆಸರಾಗಿತ್ತು. ಚುಚ್ಚುವುದು ದೇಹವನ್ನು, ಹೊರಬರುವುದು ಮಾತು. ಇದನ್ನು ಯಾವ ಕಡೆಗೆ ಸೇರಿಸುವುದು? ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಎಂಬ ಮೊಕದ್ದಮೆಯಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟು, ಒಪ್ಪಿಗೆಯಿಲ್ಲದ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ, ಮಿದುಳಿನ ಪರೀಕ್ಷೆ ಮೂರೂ ಸಂವಿಧಾನಕ್ಕೆ ವಿರುದ್ಧವೆಂದು ತೀರ್ಮಾನಿಸಿತು. ಮನಸ್ಸಿನ ಬಾಗಿಲನ್ನು ಸೂಜಿಯಿಂದ ತೆರೆದರೂ ಅದು ಬಲವಂತವೇ ಎಂಬುದು ಅದರ ತಾತ್ಪರ್ಯ.

ಈಗ ಮತ್ತೆ ರಸ್ತೆಗೆ ಬರೋಣ. 1939ರ ನಮ್ಮ ಮೋಟಾರು ವಾಹನ ಕಾಯಿದೆ, ವಾಹನವನ್ನು ಹತೋಟಿಯಲ್ಲಿಡಲಾರದಷ್ಟು ಕುಡಿದಿದ್ದವನನ್ನು ಶಿಕ್ಷಿಸುತ್ತಿತ್ತು. ಎಷ್ಟು ಎಂಬುದಕ್ಕೆ ಅಂಕಿಯಿರಲಿಲ್ಲ. ಮಹಾರಾಷ್ಟ್ರದಿಂದ ಬಂದ ಒಂದು ಮೊಕದ್ದಮೆಯಲ್ಲಿ, 1971ರಲ್ಲಿ, ಬಾಯಿ ವಾಸನೆ, ತೂರಾಟ, ತೊದಲು, ಹಿಗ್ಗಿದ ಕಣ್ಣುಪಾಪೆ ಇಷ್ಟರಿಂದಲೇ ಒಬ್ಬನು ಮದ್ಯ ಕುಡಿದಿದ್ದನೆಂದು ನಿರ್ಧರಿಸಲಾಗದು, ರಕ್ತದ ಅಥವಾ ಮೂತ್ರದ ಪರೀಕ್ಷೆ ನಡೆದಿಲ್ಲವೆಂದು ಸುಪ್ರೀಂ ಕೋರ್ಟು ಆ ಶಿಕ್ಷೆಯನ್ನು ತಳ್ಳಿಹಾಕಿತು. ಯಂತ್ರವೆಂದರೆ ಪೋಲೀಸರ ಅಸ್ತ್ರವೆಂದು ನಾವು ಭಾವಿಸುತ್ತೇವೆ. ವಾಸನೆಯನ್ನೇ ನಂಬಿದ ಸಾಕ್ಷ್ಯದಿಂದ ನಿರಪರಾಧಿಯನ್ನು ಬಿಡಿಸುವುದೂ ಅದೇ ಯಂತ್ರ.

1988ರ ಕಾಯಿದೆಯ 185ನೆಯ ಕಲಮಿಗೆ 1994ರಲ್ಲಿ ಆದ ತಿದ್ದುಪಡಿ 100 ಮಿಲಿಲೀಟರು ರಕ್ತಕ್ಕೆ 30 ಮಿಲಿಗ್ರಾಂ ಎಂಬ ಮಿತಿಯನ್ನು ಇಟ್ಟಿದೆ. ಬ್ರಿಟನ್ನು 1967ರಲ್ಲಿ ಇಟ್ಟ ಮಿತಿಗೆ ಹೋಲಿಸಿದರೆ ಇದು ಅರ್ಧಕ್ಕೂ ಕಡಿಮೆ. ಮೊದಲ ಸಲದ ಅಪರಾಧಕ್ಕೆ ಆರು ತಿಂಗಳವರೆಗೆ ಸೆರೆಮನೆ, ಅಥವಾ 2019ರ ಸೆಪ್ಟೆಂಬರ್ 1ರಿಂದ ಏರಿದ 10,000 ರೂಪಾಯಿಗಳ ದಂಡ, ಅಥವಾ ಎರಡೂ. ಇದು ಬಹುಮಂದಿಗೆ ಗೊತ್ತು. ಇದರ ಸುತ್ತ ಇರುವ ಕಲಮುಗಳು ಗೊತ್ತಿಲ್ಲ. ನಾಗರಿಕನ ರಕ್ಷಣೆ ಇರುವುದು ಅವುಗಳಲ್ಲಿ.

203ನೆಯ ಕಲಮಿನಂತೆ ಉಸಿರನ್ನು ಕೇಳುವ ಪೋಲೀಸು ಅಧಿಕಾರಿ ಸಮವಸ್ತ್ರದಲ್ಲಿರಬೇಕು. ಸಂಶಯಕ್ಕೆ ಯುಕ್ತವಾದ ಕಾರಣವಿರಬೇಕು. ಪರೀಕ್ಷೆ ಅಲ್ಲಿಯೇ ಅಥವಾ ಹತ್ತಿರದಲ್ಲಿ ನಡೆಯಬೇಕು. ಯಂತ್ರ ಮದ್ಯಸಾರವನ್ನು ತೋರಿಸಿದರೆ, ಅಥವಾ ಸಂಶಯಕ್ಕೆ ಕಾರಣವಿದ್ದೂ ಚಾಲಕನು ಊದಲು ನಿರಾಕರಿಸಿದರೆ, ವಾರಂಟಿಲ್ಲದೆ ದಸ್ತಗಿರಿ ಮಾಡಬಹುದು. ಆದರೆ ಒಳರೋಗಿಯಾಗಿ ಆಸ್ಪತ್ರೆಯಲ್ಲಿರುವವನನ್ನು ಹಾಗೆ ದಸ್ತಗಿರಿ ಮಾಡುವಂತಿಲ್ಲ. ಠಾಣೆಗೆ ಕರೆದೊಯ್ದ ಮೇಲೆ ಅಲ್ಲಿ ಮತ್ತೊಮ್ಮೆ ಊದುವ ಅವಕಾಶವನ್ನು ಕೊಡಬೇಕು. ರಕ್ತವನ್ನು ನೋಂದಾಯಿತ ವೈದ್ಯರೇ ತೆಗೆಯಬೇಕು. ಪರೀಕ್ಷೆಗೊಳಗಾಗುವವರು ಹೆಂಗಸಾಗಿ ವೈದ್ಯರು ಗಂಡಸಾದರೆ ಇನ್ನೊಬ್ಬ ಹೆಂಗಸು ಎದುರಿಗಿರಬೇಕು. ನಿರಾಕರಣೆಗೆ ಸಮಂಜಸವಾದ ಕಾರಣ ತೋರಿಸದಿದ್ದರೆ ಅದನ್ನು ಆಪಾದಿತನ ವಿರುದ್ಧದ ಸಾಕ್ಷ್ಯಕ್ಕೆ ಬೆಂಬಲವಾಗಿ ನ್ಯಾಯಾಲಯ ಪರಿಗಣಿಸಬಹುದೆಂದು 205ನೆಯ ಕಲಮು ಹೇಳುತ್ತದೆ. ನಾನು ಮೊದಲು ಹೇಳಿದ ಬೆಲೆ ಇದೇ. ಬಾಯಿ ತೆರೆದು ಉತ್ತರ ಕೊಡದಿದ್ದರೆ ಆ ಮೌನಕ್ಕೆ ಸಂವಿಧಾನದ ಆಸರೆಯಿದೆ. ಊದದಿದ್ದರೆ ಆ ಮೌನವೇ ಎದುರಾಳಿಯ ಸಾಕ್ಷ್ಯಕ್ಕೆ ಊರುಗೋಲಾಗುತ್ತದೆ.

ಇವೆಲ್ಲಕ್ಕಿಂತ ನೆನಪಿನಲ್ಲಿಡಬೇಕಾದ ಮಾತು 202ನೆಯ ಕಲಮಿನಲ್ಲಿದೆ. ತನ್ನ ಕಣ್ಣೆದುರಿನಲ್ಲಿ ಕುಡಿದು ವಾಹನ ನಡೆಸಿದವನನ್ನು ಸಮವಸ್ತ್ರದಲ್ಲಿರುವ ಅಧಿಕಾರಿ ಆ ಕಲಮಿನಂತೆ ದಸ್ತಗಿರಿ ಮಾಡಿದರೆ, ಎರಡು ಗಂಟೆಗಳ ಒಳಗೆ ನೋಂದಾಯಿತ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ಇಲ್ಲವಾದರೆ ಅವನನ್ನು ಬಿಟ್ಟುಬಿಡಬೇಕು. ಮದ್ಯಸಾರ ರಕ್ತದಿಂದ ಕರಗಿಹೋಗುವುದೆಂಬ ಆತುರ ಪೋಲೀಸರಿಗೆ ಇರುವಂತೆ, ರಾತ್ರಿಯಿಡೀ ಬೆಂಚಿನ ಮೇಲೆ ಕೂರಿಸಿಕೊಳ್ಳಲಾಗದೆಂಬ ಅಂಕೆಯೂ ಅವರಿಗಿದೆ. ಒಂದೇ ಗಡಿಯಾರ ಇಬ್ಬರನ್ನೂ ಕಾಯುತ್ತದೆ.

ದಸ್ತಗಿರಿಯ ಕಾನೂನಿನ ಚರಿತ್ರೆಯನ್ನು ನೋಡಿದರೆ ಎಲ್ಲ ಕಡೆಯಲ್ಲೂ ಇಂತಹ ಚಿಕ್ಕ ವಸ್ತುಗಳೇ ಕಾಣುತ್ತವೆ: ಗಡಿಯಾರ, ಕಾಗದ, ಸಾಕ್ಷಿ. 1949ರ ಸೆಪ್ಟೆಂಬರ್ 15ರಂದು ಡಾಕ್ಟರ್ ಅಂಬೇಡ್ಕರರು ಸಂವಿಧಾನ ಸಭೆಯಲ್ಲಿ ಹೊಸದೊಂದು ಅನುಚ್ಛೇದವನ್ನು ಮಂಡಿಸಿದರು. ವೈಯಕ್ತಿಕ ಸ್ವಾತಂತ್ರ್ಯದ ರಕ್ಷಣೆ ಕರಡಿನಲ್ಲಿ ಸಡಿಲವಾಗಿದೆಯೆಂದು ಹಲವು ಸದಸ್ಯರು ಅಸಮಾಧಾನಪಟ್ಟಿದ್ದರು. ಆ ಕೊರತೆಯನ್ನು ಒಂದಿಷ್ಟು ತುಂಬುವ ಪ್ರಯತ್ನವಿದೆಂದು ಅವರು ವಿವರಿಸಿದರು. ಇಂದಿನ 22ನೆಯ ಅನುಚ್ಛೇದ ಅದೇ. ದಸ್ತಗಿರಿಯ ಕಾರಣವನ್ನು ತಿಳಿಸಬೇಕು, ತನಗೆ ಬೇಕಾದ ವಕೀಲರೊಡನೆ ಸಮಾಲೋಚಿಸಲು ಬಿಡಬೇಕು, ಪ್ರಯಾಣದ ಹೊತ್ತನ್ನು ಬಿಟ್ಟು 24 ಗಂಟೆಗಳೊಳಗೆ ಸಮೀಪದ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಮುಂಜಾಗ್ರತೆಯ ಬಂಧನಕ್ಕೆ ಅದೇ ಅನುಚ್ಛೇದ ಬೇರೆ ನಿಯಮ ಮಾಡಿದೆಯೆಂಬುದು ಅದರ ಕಹಿಯಾದ ಇನ್ನೊಂದು ಮುಖ.

ಬರಹದಲ್ಲಿದ್ದ ಈ ಹಕ್ಕು ಠಾಣೆಯೊಳಗೆ ಕಾಲಿಡಲು ದಶಕಗಳೇ ಹಿಡಿದವು. 1986ರ ಆಗಸ್ಟ್ 26ರಂದು ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಮುಖ್ಯಸ್ಥರಾದ ಡಿ. ಕೆ. ಬಸು ಅವರು ಲಾಕಪ್ಪಿನ ಸಾವುಗಳ ಪತ್ರಿಕಾ ವರದಿಗಳನ್ನು ಲಗತ್ತಿಸಿ ದೇಶದ ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಕಾಗದ ಬರೆದರು. ಸುಪ್ರೀಂ ಕೋರ್ಟು ಆ ಕಾಗದವನ್ನೇ ಅರ್ಜಿಯೆಂದು ಸ್ವೀಕರಿಸಿತು. ಅದು ವಿಚಾರಣೆಯಲ್ಲಿದ್ದಾಗಲೇ, 1994ರಲ್ಲಿ, ಕನ್ನಡಿಗರಾದ ಮುಖ್ಯ ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯನವರ ಪೀಠ ಉತ್ತರ ಪ್ರದೇಶದ ತರುಣ ವಕೀಲರೊಬ್ಬರನ್ನು ಹಲವು ದಿನ ಕೂಡಿಹಾಕಿದ್ದ ಪ್ರಕರಣದಲ್ಲಿ ಒಂದು ಮೂಲಭೂತ ವಿವೇಕವನ್ನು ಸಾರಿತು: ದಸ್ತಗಿರಿ ಮಾಡುವ ಅಧಿಕಾರ ಇರುವುದು ಒಂದು, ಅದನ್ನು ಬಳಸಲು ಸಕಾರಣ ಇರುವುದು ಇನ್ನೊಂದು. ಬಸು ಅವರ ಅರ್ಜಿಯ ತೀರ್ಪು ಬಂದದ್ದು 1996ರ ಡಿಸೆಂಬರ್ 18ರಂದು. ಅದರಲ್ಲಿ ಹನ್ನೊಂದು ವಿಧಿಗಳಿದ್ದವು. ದಸ್ತಗಿರಿ ಮಾಡುವವರ ಎದೆಯ ಮೇಲೆ ಹೆಸರು ಮತ್ತು ಹುದ್ದೆ ಸ್ಪಷ್ಟವಾಗಿರಬೇಕು. ದಿನಾಂಕ, ವೇಳೆ ನಮೂದಿಸಿದ ದಸ್ತಗಿರಿ ಪತ್ರಕ್ಕೆ ಮನೆಯವರೋ ಊರಿನ ಗಣ್ಯರೋ ಸಾಕ್ಷಿ ಹಾಕಬೇಕು, ದಸ್ತಗಿರಿಯಾದವನೂ ಸಹಿ ಮಾಡಬೇಕು. ಬಂಧುವಿಗೋ ಸ್ನೇಹಿತನಿಗೋ ಸುದ್ದಿ ಮುಟ್ಟಬೇಕು. ಕೇಳಿಕೊಂಡರೆ ಮೈಮೇಲಿನ ಗಾಯಗಳನ್ನು ಆಗಲೇ ಬರೆದಿಡಬೇಕು. ವಶದಲ್ಲಿರುವಷ್ಟು ಕಾಲ 48 ಗಂಟೆಗಳಿಗೊಮ್ಮೆ ವೈದ್ಯರು ನೋಡಬೇಕು. ಇವುಗಳಲ್ಲಿ ಮುಖ್ಯವಾದವು ಈಗ 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಅಂಗವಾಗಿವೆ. ವಿಚಾರಣೆಯ ನಡುವೆ ವಕೀಲರನ್ನು ಕಾಣುವ ಹಕ್ಕೂ, ವಿಶೇಷ ಸಂದರ್ಭಗಳ ಹೊರತು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಹೆಂಗಸರನ್ನು ದಸ್ತಗಿರಿ ಮಾಡಬಾರದೆಂಬ ನಿಯಮವೂ ಅಲ್ಲಿವೆ. ವಕೀಲರಿಗೆ ಕೊಡಲು ಹಣವಿಲ್ಲದೆ ವಶದಲ್ಲಿರುವವನಿಗೆ ಕಾನೂನು ಸೇವಾ ಪ್ರಾಧಿಕಾರ ಉಚಿತ ನೆರವು ಕೊಡುತ್ತದೆ.

ಈ ಚರಿತ್ರೆಯ ಈಚಿನ ಪುಟ ಭಾಷೆಗೆ ಸಂಬಂಧಿಸಿದ್ದು. 2024ರ ಜುಲೈಯಲ್ಲಿ ಮುಂಬಯಿಯ ವರ್ಲಿಯಲ್ಲಿ ಮೋಟಾರು ಕಾರೊಂದು ಡಿಕ್ಕಿ ಹೊಡೆದು ಹೆಂಗಸೊಬ್ಬರು ಪ್ರಾಣ ಕಳೆದುಕೊಂಡರು. ಆ ಮೊಕದ್ದಮೆಯಿಂದ ಹುಟ್ಟಿದ ಪ್ರಶ್ನೆಯನ್ನು ವಿಚಾರಿಸಿದ ಸುಪ್ರೀಂ ಕೋರ್ಟು, ಯಾವ ಅಪರಾಧವೇ ಆಗಲಿ, ದಸ್ತಗಿರಿಯ ಕಾರಣಗಳನ್ನು ಬರಹದಲ್ಲಿ, ದಸ್ತಗಿರಿಯಾದವನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕೆಂದು 2025ರ ನವೆಂಬರ್ 6ರಂದು ವಿಧಿಸಿತು. ಆ ಕ್ಷಣದಲ್ಲಿ ಬರೆದು ಕೊಡಲಾಗದಿದ್ದರೆ ಬಾಯಲ್ಲಿ ಹೇಳಿ, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವುದಕ್ಕೆ ಎರಡು ಗಂಟೆಗಳಾದರೂ ಮೊದಲು ಬರಹವನ್ನು ಕೊಡಬೇಕು. ಆರೋಪ ಏನೆಂದು ತಿಳಿಸದೆಯೇ ಲಿಲ್ಬರ್ನನನ್ನು ಪ್ರಮಾಣ ಮಾಡೆಂದ ದಿನದಿಂದ ಇಲ್ಲಿಗೆ ಸುಮಾರು ನಾಲ್ಕು ಶತಮಾನಗಳ ದಾರಿ. ಕನ್ನಡವೊಂದನ್ನೇ ಬಲ್ಲ ಕೂಲಿಯವನನ್ನು ಹೊರನಾಡಿನಲ್ಲಿ ಹಿಡಿದರೆ, ಅಥವಾ ಕನ್ನಡ ಬಾರದ ಬಿಹಾರದ ಹುಡುಗನನ್ನು ನಮ್ಮೂರಿನಲ್ಲಿ ಹಿಡಿದರೆ, ಅವನವನ ಭಾಷೆಯಲ್ಲಿಯೇ ಕಾರಣವನ್ನು ಬರೆದು ಕೊಡಬೇಕಾದ ಹೊಣೆ ಈಗ ಪೋಲೀಸರದು. ಸಾಹಿತ್ಯವನ್ನು ಪ್ರೀತಿಸುವ ನಾವು ಮಾತೃಭಾಷೆಯ ಹಿರಿಮೆಯನ್ನು ವೇದಿಕೆಗಳಲ್ಲಿ ಸಾರುತ್ತ ಬಂದಿದ್ದೇವೆ. ಠಾಣೆಯಲ್ಲಿ ಒಂಟಿಯಾಗಿ ಕುಳಿತವನ ಕೈಗೆ ಬರುವ ಆ ಒಂದು ಹಾಳೆಯಲ್ಲಿ ಅದರ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಇಷ್ಟನ್ನು ಕೇಳಿದ ಮೇಲೆ, ಇದೆಲ್ಲ ಕುಡುಕರಿಗೆ ಪಾರಾಗುವ ದಾರಿ ತೋರಿಸಿದಂತಾಗುವುದಿಲ್ಲವೆ ಎಂದು ಯಾರಾದರೂ ಕೇಳಬಹುದು. ಕೇಳುವುದು ನ್ಯಾಯವೇ. ಕುಡಿದು ವಾಹನ ನಡೆಸುವವನು ಕೊಲ್ಲುವುದು ಬಹುಪಾಲು ಬೇರೆಯವರನ್ನು: ರಸ್ತೆಯಂಚಿನಲ್ಲಿ ನಡೆದು ಹೋಗುವವರನ್ನು, ಪಾದಚಾರಿ ಕಟ್ಟೆಯ ಮೇಲೆ ಮಲಗಿದವರನ್ನು, ಬೆಳಗಿನ ಜಾವ ಹಾಲು ತರಲು ಹೊರಟವರನ್ನು. ಅಂಥವರ ಮನೆಯ ದುಃಖದ ಮುಂದೆ ಕಲಮುಗಳ ಲೆಕ್ಕ ನೀರಸವಾಗಿ ತೋರೀತು. ಆದರೆ ಕ್ರಮತಪ್ಪಿದ ದಸ್ತಗಿರಿಯಿಂದ ಅವರಿಗೂ ನ್ಯಾಯ ಸಿಗುವುದಿಲ್ಲ. ಎರಡು ಗಂಟೆಯೊಳಗೆ ವೈದ್ಯರ ಬಳಿಗೆ ಕರೆದೊಯ್ಯದ ಆಪಾದಿತ, ಯಾರ ಸಹಿಯೂ ಇಲ್ಲದ ಪತ್ರ, ಹೊಡೆದು ಬರೆಸಿಕೊಂಡ ಹೇಳಿಕೆ, ಇವು ನಿರಪರಾಧಿಯನ್ನು ನೋಯಿಸುತ್ತವೆ, ಅಪರಾಧಿಯನ್ನು ನ್ಯಾಯಾಲಯದಲ್ಲಿ ಬಿಡುಗಡೆ ಮಾಡಿಸುತ್ತವೆ. ನಿಯಮವನ್ನು ಬಲ್ಲ ಪೋಲೀಸನಿಗೂ ನಿಯಮವನ್ನು ಬಲ್ಲ ನಾಗರಿಕನಿಗೂ ಇಲ್ಲಿ ಹಿತ ಒಂದೇ.

ಆದ್ದರಿಂದ ಶ್ರೋತೃಗಳು ಮನಸ್ಸಿನಲ್ಲಿಡಬೇಕಾದದ್ದು ಹೆಚ್ಚಿಲ್ಲ. ಕುಡಿದ ದಿನ ಚಕ್ರಕ್ಕೆ ಕೈಹಾಕಬೇಡಿ. ತಡೆದರೆ ವಾಹನ ನಿಲ್ಲಿಸಿ, ಸಮವಸ್ತ್ರದ ಅಧಿಕಾರಿ ಕೇಳಿದರೆ ಲೈಸೆನ್ಸು ತೋರಿಸಿ, ಊದಿ. ಹೆಸರು, ವಿಳಾಸ ಹೇಳಿ. ಅದಕ್ಕಿಂತ ಮುಂದಿನ ಪ್ರಶ್ನೆಗಳಿಗೆ, ವಕೀಲರೊಡನೆ ಮಾತಾಡಿ ಉತ್ತರಿಸುತ್ತೇನೆಂದು ವಿನಯದಿಂದ ತಿಳಿಸಿ. ದಸ್ತಗಿರಿಯಾದರೆ ಕಾರಣವನ್ನು ಬರಹದಲ್ಲಿ ಕೇಳಿ, ವೇಳೆಯನ್ನು ನೋಡಿಕೊಳ್ಳಿ, ಮನೆಗೆ ಸುದ್ದಿ ಮುಟ್ಟಿಸಲು ಹೇಳಿ, ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂದು ಬಲ್ಲವರು ಹೇಳಿದ್ದು ಸಂಸಾರದ ವಿವೇಕಕ್ಕಾಗಿ. ಠಾಣೆಯಲ್ಲಿಯೂ ಅದು ಸಲ್ಲುತ್ತದೆ. ಇವು ಯಾರೊಬ್ಬರ ಕೃಪೆಯಿಂದ ದೊರೆತವಲ್ಲ. ಕೇಳುವವರು ಕೇಳುತ್ತಿದ್ದಷ್ಟು ಕಾಲ ಇವು ಉಳಿಯುತ್ತವೆ.